ಮೊದಲ ಹನಿ

ವಜ್ರಮುಷ್ಟಿ ಕಾಳಗಕ್ಕೆ ಇರುವುದು ಒಂದೇ ನಿಯಮ. ಬೋಳಿಸಿದ ಎರಡು ತಲೆಗಳಲ್ಲಿ ಯಾರದರಿಂದ ಮೊದಲು ರಕ್ತ ತೊಟ್ಟಿಕ್ಕಿತೋ ಅವನು ಸೋತ, ಕಾಳಗ ಅಲ್ಲಿಗೆ ಮುಗಿಯಿತು.

ಹೋದ ವರ್ಷ ರಕ್ತ ಕಂಡ ಮೇಲೂ ಬಿದ್ದ ಇನ್ನೊಂದು ಏಟಿಗೆ ಮಾಧವನ ಅಣ್ಣನ ಕಣ್ಣು ಹೋಗಿತ್ತು. ಹೊಡೆದವನೇ ಈ ಸಲ ಮಾಧವನ ಎದುರಾಳಿ. ಅದಕ್ಕೇ ಗುರು ಮಾಧವನನ್ನು ನಲವತ್ತೆಂಟು ದಿನ ಗರಡಿಯ ಕೆಮ್ಮಣ್ಣಿನ ಮೇಲೆ ಕಣ್ಣು ಮುಚ್ಚಿ ಕೂರಿಸಿ ಉಸಿರು ಎಣಿಸಲು ಹಚ್ಚಿದ್ದರು.

"ಕೋಪ ಇಳೀತೇನೋ?"

"ಇಳೀತು, ಗುರುಗಳೇ."

"ಕೋಪ ಇಟ್ಕೊಂಡು ಹೊಡೆದ್ರೆ ಅದು ಕೊಲೆ ಕಣೋ, ಕಾಳಗ ಅಲ್ಲ. ಅಖಾಡದಲ್ಲಿ ಆ ಕೋಪ ಮತ್ತೆ ಎದ್ರೆ ಏನ್ಮಾಡ್ತೀಯ?"

"ಕಾಳಗ ಅಲ್ಲಿಗೇ ನಿಲ್ಲಿಸ್ತೀನಿ."

"ಹೆಂಗೆ? ಓಡಿ ಬರ್ತೀಯಾ? ಬೆನ್ನು ತೋರಿಸಿದ್ರೆ ಈ ಗರಡಿ ಬಾಗ್ಲು ನಿಂಗೆ ಮುಚ್ತು ಅಂತ ತಿಳ್ಕೋ."

ಮಾಧವ ಕೈ ಚಾಚಿದ. ಗುರು ಕೊಂಬಿನ ಮೊನೆಗಳಿದ್ದ ವಜ್ರಮುಷ್ಟಿಯನ್ನು ಅವನ ಬಲಗೈಗೆ ತೊಡಿಸಿದರು.

ಅಖಾಡದಲ್ಲಿ ಎದುರಾಳಿ ಹಲ್ಲು ಕಿರಿದ. "ಏನಪ್ಪಾ, ನಿಮ್ಮ ಒಕ್ಕಣ್ಣ ನೋಡೋಕೆ ಬರ್ಲಿಲ್ವಾ?"

ಎರಡೇ ಪಟ್ಟಿಗೆ ಮಾಧವ ಅವನನ್ನು ಕೆಡವಿ ಎದೆಯ ಮೇಲೆ ಕೂತ. ಎಣಿಸಿದ ಉಸಿರೆಲ್ಲ ಮರೆತುಹೋಗಿತ್ತು. ಬೋಳುತಲೆ ಕಾಣಲಿಲ್ಲ, ಕೆಳಗಿದ್ದವನ ಬೆದರಿದ ಎಡಗಣ್ಣೊಂದೇ ಕಾಣುತ್ತಿತ್ತು. ಮುಷ್ಟಿ ಮೇಲೆದ್ದಿತು. ಗುರು ಎದ್ದು ನಿಂತರು.

ಮರುಗಳಿಗೆ ಆ ಕಣ್ಣಿನ ಕೆಳಗೆ ರಕ್ತದ ಮೊದಲ ಹನಿ ಬಿತ್ತು. ಮಾಧವ ಮುಷ್ಟಿಯನ್ನು ತನ್ನ ನೆತ್ತಿಗೇ ಹೊಡೆದುಕೊಂಡಿದ್ದ.