ಛತ್ರಿ ಮಡಚಿದ ಗಳಿಗೆ

ಮಾನ್ಯ ವಾಚಕ ಮಹಾಶಯರೇ, ಸಾವು ಸಮೀಪಿಸಿದಂತೆ ಮನುಷ್ಯನ ನೆರಳು ಮಾಸುವ ಈ ಕಾಲದಲ್ಲಿ ಛತ್ರಿಯಿಲ್ಲದೆ ಬಿಸಿಲಿಗಿಳಿಯುವವರು ವಿರಳವೆಂಬುದನ್ನು ತಾವು ಬಲ್ಲಿರಿ. ರಾಯಚೂರಿನ ಬಸ್ ನಿಲ್ದಾಣದೆದುರು ಮಿರ್ಚಿ ಕರಿಯುವ ದ್ಯಾವಮ್ಮ ಮಾತ್ರ ಬಯಲಲ್ಲೇ ಕೂತಿದ್ದಳು. ಅವಳ ನೆರಳು ಕಪ್ಪಗೆ, ಗಟ್ಟಿಯಾಗಿ ಬಿದ್ದಿತ್ತು. ಚೀಲ ಹೊತ್ತು ಹೈದರಾಬಾದಿಗೆ ಹೊರಟಿದ್ದ ನಾನು ಮಿರ್ಚಿಗೆಂದು ಅವಳೆದುರು ನಿಂತೆ.

“ಛತ್ರಿ ಮಡಚ್ರೀ ಅಣ್ಣಾರ, ಬಾಣಲಿಗೆ ತಾಗತೈತಿ. ಊರೂರು ತಿರುಗೋ ಗಂಡಸು, ನೆರಳಿಗೆ ಅಂಜತೀರೇನು?”

ನಕ್ಕು ಮಡಚಿದೆ, ರೂಢಿಯಂತೆ ನನ್ನ ನೆರಳಿನತ್ತ ನೋಡದೆ ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳ ನೋಟ ನನ್ನ ಕಾಲಬುಡಕ್ಕೆ ಹೋಯಿತು. ಕೈ ಬಾಣಲೆಯ ಮೇಲೆಯೇ ನಿಂತಿತು.

“ಮನಿಯಾಗ ಯಾರದಾರ್ರೀ?” ಮೆಲ್ಲಗೆ ಕೇಳಿದಳು.

“ಅವ್ವ ಅದಾಳ. ನೋಡಿ ಭಾಳ ವರ್ಷಾತು.”

“ಬಿಸಿ ಅದಾವು, ಕಟ್ಟಿಕೊಡ್ತೀನಿ. ಅವ್ವಗ ಒಯ್ರಿ.”

ನಾನು ಕೆಳಗೆ ನೋಡಲಿಲ್ಲ. ಪೊಟ್ಟಣವನ್ನು ಚೀಲಕ್ಕೆ ಸೇರಿಸಿ, ಛತ್ರಿ ಬಿಚ್ಚಿ, ಹತ್ತಬೇಕಿದ್ದ ಹೈದರಾಬಾದಿನ ಬಸ್ಸನ್ನು ದಾಟಿ, ಅವ್ವನ ಊರಿನ ಬಸ್ಸಿನತ್ತ ನಡೆದೆ.