ಬೂದಿಯಲ್ಲಿ ಇಲ್ಲದ್ದು

ಸುಟ್ಟ ಜಾಗಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಬರೆಯುವುದು ನನ್ನ ಕೆಲಸ. ಬೇಕೆಂದೇ ಬೆಂಕಿ ಹಚ್ಚುವವರು ಬೆಲೆಬಾಳುವುದನ್ನು ಮೊದಲೇ ಹೊರಗೆ ಸಾಗಿಸಿರುತ್ತಾರೆ. ಹಾಗಾಗಿ ಬೂದಿಯಲ್ಲಿ ಏನಿಲ್ಲ ಎಂಬುದನ್ನೇ ನಾನು ಹುಡುಕುತ್ತೇನೆ.

ಆ ಮಗ್ಗದ ಶೆಡ್ಡಿನಲ್ಲಿ ಎಲ್ಲವೂ ಇತ್ತು. ಆರು ಮಗ್ಗಗಳ ಸೊಟ್ಟಾದ ಕಬ್ಬಿಣ, ಕರಕಲಾದ ನೂಲು, ಮಡಿಕೆ ಬಿಡಿಸದೆಯೇ ಸುಟ್ಟುಹೋದ ಸೀರೆಗಳು. ಕಬ್ಬಿಣದ ಸರಳಿನಿಂದ ಮೂಲೆಮೂಲೆಯನ್ನೂ ಕೆದಕಿದೆ. ಮಾಲೀಕ ನೆರಳಿನಂತೆ ನನ್ನ ಹಿಂದೆಯೇ ಇದ್ದ. ಊಟ ಮಾಡಿ ಎಷ್ಟು ದಿನವಾಗಿತ್ತೋ.

"ವ್ಯಾಪಾರ ಹೆಂಗಿತ್ತು?" ಎಂದೆ.

"ವರ್ಷ ಆತ್ರಿ, ಸೀರಿ ಯಾರೂ ಕೇಳವಲ್ರು."

ಮೋಸಗಾರನಾಗಿದ್ದರೆ ಇದನ್ನು ಮುಚ್ಚಿಡುತ್ತಿದ್ದ ಅನ್ನಿಸಿತು.

"ಒಂದು ಸೀರಿನೂ ಹೊರಗ ತಂದಿಲ್ಲೇನು?"

"ಒಂದು ನೂಲಿನ ಎಳಿನೂ ತಂದಿಲ್ರಿ ಸಾಹೇಬ್ರ. ನಿಮ್ಮ ಕಾಲಿಗೆ ಬೀಳ್ತೀನ್ರಿ. ನೀವು ಕೈ ಬಿಟ್ರ ನಾವು ಗಂಡ ಹೆಂಡ್ತಿ ಬಾವಿ ನೋಡ್ಕೋಬೇಕ್ರಿ."

ನಿಜಕ್ಕೂ ಬಗ್ಗಿದ. ನಾನು ಹಿಂದೆ ಸರಿದೆ. ವೈರಿಂಗ್ ಸುಟ್ಟು ಹತ್ತಿದ ಬೆಂಕಿ ಎಂದು ಬರೆದು ಮುಗಿಸಿದೆ. ಸಹಿಯೊಂದು ಬಾಕಿ ಇತ್ತು.

ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಎಲ್ಲಾ ಹೋತ್ರಿ," ಎಂದು ಬರಿಗೋಡೆಯ ಮೊಳೆಯತ್ತ ಕೈ ತೋರಿಸಿದಳು. "ನಮ್ಮ ಪುಣ್ಯಾ, ಬನಶಂಕರಿ ಫೋಟೋ ಒಂದು ಉಳೀತು. ಮಾವನವರ ಕಾಲದಿಂದ ಅಲ್ಲೇ ಇತ್ರಿ. ಬೆಂಕಿ ಹತ್ತಿದ ದಿನಾನ ಸಂಜಿಮುಂದ, ಯಾಕೋ ಏನೋ, ಇವರು ಅದನ್ನ ಮನಿಗೆ ತಂದು ಜಗಲಿ ಮ್ಯಾಲಿಟ್ಟಿದ್ರು."