ನಾಲಿಗೆಯ ಕೆಳಗೆ

“ಇವಳಿಗೆ ಹಾಲೇ ಇಲ್ಲ ಡಾಕ್ಟ್ರೇ. ಮಗು ತಾನೇ ಏನು ಮಾಡೀತು ಪಾಪ?” ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಅತ್ತೆ ಹೇಳಿಬಿಟ್ಟರು. ಮಗುವನ್ನು ಎದೆಗವಚಿಕೊಂಡು ಹಿಂದೆಯೇ ಬಂದ ಸೊಸೆ ಬಾಗಿಲ ಬಳಿಯೇ ನಿಂತಳು. ಹೆರಿಗೆಯಾದಾಗಿನಿಂದ ಕಣ್ತುಂಬ ನಿದ್ದೆ ಕಾಣದ ಅವಳಲ್ಲಿ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಮಗ ಬಂದ. ದರ್ಜಿ. ಅಂಗಡಿಯಿಂದ ನೇರ ಓಡಿಬಂದವನ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅಮ್ಮನಿಗೂ ಹೆಂಡತಿಗೂ ನಡುವೆ ಒಂದು ಕುರ್ಚಿ ಖಾಲಿಯಿತ್ತು. ಅಲ್ಲಿ ಕೂರುವಷ್ಟು ದಡ್ಡ ಅವನಲ್ಲ; ಗೋಡೆಗೆ ಒರಗಿ ನಿಂತ.

ಡಾಕ್ಟರಮ್ಮ ಮಗುವನ್ನು ತೂಕಕ್ಕೆ ಹಾಕಿದರು. ಹುಟ್ಟಿದಾಗ ಇದ್ದ ತೂಕವೂ ಈಗ ಇರಲಿಲ್ಲ. “ಹಾಲು ಬರ್ತಿಲ್ವೇನಮ್ಮ?” ಎಂದು ಸೊಸೆಯನ್ನೇ ಕೇಳಿದರು.

“ಬರುತ್ತೆ ಮೇಡಂ. ಎದೆ ಕಲ್ಲಿನ ಹಾಗಾಗಿ ನೋಯುತ್ತೆ. ಇವಳು ಬಾಯಿ ಹಾಕ್ತಾಳೆ, ಜಾರಿಬಿಡ್ತಾಳೆ. ಹಾಕ್ತಾಳೆ, ಜಾರ್ತಾಳೆ. ಕೊನೆಗೆ ಅತ್ತು ಅತ್ತು ಸುಸ್ತಾಗಿ ಮಲಗಿಬಿಡ್ತಾಳೆ.”

“ಬಾಟಲಿ ಕೊಡೋಣ ಅಂದ್ರೆ ಇವಳದ್ದು ಹಟ,” ಎಂದರು ಅತ್ತೆ. “ಮಗುವಿನ ಜೀವಕ್ಕಿಂತ ಇವಳ ಹಟವೇ ಹೆಚ್ಚಾಯ್ತು.” ಮಾತು ಚುಚ್ಚುವಂತಿತ್ತು ನಿಜ, ಆದರೆ ಅತ್ತೆ ಕೆಟ್ಟವರೇನಲ್ಲ. ಮಗು ಅತ್ತಾಗಲೆಲ್ಲ ಹೆಗಲಿಗೆ ಹಾಕಿಕೊಂಡು ಮನೆತುಂಬ ತಿರುಗಿದವರು ಅವರೇ. ಹಸಿದ ಮಗುವಿನ ಅಳು ಕೇಳಿ ಕೇಳಿ ಅವರ ತಲೆಯೂ ಕೆಟ್ಟುಹೋಗಿತ್ತು.

ಡಾಕ್ಟರಮ್ಮ ಕೈ ತೊಳೆದು ಗ್ಲೌಸ್ ಹಾಕಿಕೊಂಡು ಮಗುವಿನ ಬಾಯೊಳಗೆ ಬೆರಳಿಟ್ಟರು. ಪುಟ್ಟ ನಾಲಿಗೆಯನ್ನು ಮೆಲ್ಲಗೆ ಮೇಲೆತ್ತಿ ಟಾರ್ಚು ಬಿಟ್ಟರು. ನಾಲಿಗೆಯ ಕೆಳಗೆ ತೆಳ್ಳಗಿನ ಬಿಳಿ ಪೊರೆಯೊಂದು ತುದಿಯವರೆಗೂ ಬಿಗಿಯಾಗಿ ಎಳೆದು ನಿಂತಿತ್ತು. “ಈ ಪೊರೆ ಎಲ್ಲರಿಗೂ ಇರುತ್ತೆ, ನಾಲಿಗೆ ಹಿಡಿತದಲ್ಲಿರಲಿ ಅಂತ. ಮೇಲ್ತುಟಿ ಎತ್ತಿದ್ರೆ ಒಸಡಿನ ಮಧ್ಯೆ ಕಾಣುತ್ತಲ್ಲ, ಅಂಥದ್ದೇ. ಇವಳದ್ದು ತುಂಬಾ ಗಿಡ್ಡ. ನಾಲಿಗೆ ಮುಂದಕ್ಕೇ ಬರಲ್ಲ, ಇನ್ನು ಹಾಲು ಎಳೆಯೋದು ಎಲ್ಲಿಂದ? ತಾಯಿಯ ತಪ್ಪು ಏನೂ ಇಲ್ಲ ಇದರಲ್ಲಿ.” ಸೊಸೆಯ ಕಣ್ಣಿಂದ ನೀರಿಳಿಯಿತು. ಅವಳು ಒರೆಸಿಕೊಳ್ಳಲೂ ಇಲ್ಲ.

“ನಮ್ಮ ಮನೇಲಂತೂ ಯಾರಿಗೂ ಇಂಥದ್ದಿಲ್ಲ,” ಎಂದು ಅತ್ತೆ ತಪ್ಪನ್ನು ಸೊಸೆಯ ತವರಿನ ಮೇಲೆ ಹಾಕಿದರು.

ಡಾಕ್ಟರಮ್ಮ ಗೋಡೆಗೆ ಒರಗಿದ್ದ ಮಗನ ಕಡೆ ತಿರುಗಿದರು. “ನೀವು ಸ್ವಲ್ಪ ನಾಲಿಗೆ ಚಾಚಿ ನೋಡೋಣ.”

“ಅವನು ಚಾಚಲ್ಲ ಡಾಕ್ಟ್ರೇ,” ಎಂದರು ಅತ್ತೆ, ಹೆಮ್ಮೆಯಿಂದ. “ಚಿಕ್ಕಂದಿನಿಂದಲೂ ಅಷ್ಟೇ. ಓರಗೆಯ ಹುಡುಗರೆಲ್ಲ ದಾರೀಲಿ ಹೋಗೋರಿಗೆ ನಾಲಿಗೆ ತೋರಿಸಿ ಅಣಕಿಸೋರು. ಇವನು ಒಂದೇ ಒಂದು ದಿನ? ಉಹ್ಞೂಂ! ಹಾಗೆ ಬೆಳೆಸಿದ್ದೀನಿ ನಾನು.” ಬೀಗರ ಮುಂದೆಯೂ ಅವರು ಇದನ್ನು ಹೇಳಿ ಬೀಗಿದ್ದುಂಟು.

ಮಗ ಬಾಯಿ ತೆರೆದ. ಕತ್ತು ಮುಂದೆ ಮಾಡಿ, ಕಣ್ಣರಳಿಸಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಚಾಚಿದ. ನಾಲಿಗೆ ಕೆಳಗಿನ ಹಲ್ಲಿನವರೆಗೆ ಬಂದು ನಿಂತುಬಿಟ್ಟಿತು. ತುದಿ ನಡುವೆ ಒಳಕ್ಕೆ ಜಗ್ಗಿಕೊಂಡಿತ್ತು.

“ನಾನೂ ಅಣಕಿಸೋಕೆ ನೋಡಿದ್ದೆ ಅಮ್ಮ,” ಎಂದ ಅವನು, ಬಾಯಿ ಮುಚ್ಚಿ, ತಪ್ಪು ಮಾಡಿದವನಂತೆ. “ಆಗಲಿಲ್ಲ, ಅಷ್ಟೇ.” ಸೊಸೆ ಅಳುತ್ತಿದ್ದವಳು ನಕ್ಕುಬಿಟ್ಟಳು.

ಅತ್ತೆ ನಗಲಿಲ್ಲ. “ಇವರು ಮಗುವಾಗಿದ್ದಾಗ ಎದೆಹಾಲು ಕುಡಿತಿದ್ರಾ ಅಮ್ಮಾ?” ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಕೈಚೀಲದ ಹಿಡಿಯನ್ನು ತಿರುಚತೊಡಗಿದರು.

“ಇಲ್ಲ. ಬಾಟಲಿಯಲ್ಲೇ ಬೆಳೆದ. ನನಗೆ ಹಾಲಿರಲಿಲ್ಲ.”

“ಹಾಗಂತ ಯಾರು ಹೇಳಿದ್ರು?”

“ನಮ್ಮತ್ತೆ.”

ಡಾಕ್ಟರಮ್ಮ ಮಗುವಿನ ಪೊರೆ ಬಿಡಿಸಲು ಪುಟ್ಟ ಕತ್ತರಿಯೊಂದನ್ನು ತೆಗೆದರು. ಮಗುವಿನ ಅಪ್ಪನ ಮುಖ ಬಿಳಚಿಕೊಂಡಿದ್ದು ನೋಡಿ ಅವನನ್ನು ಹೊರಗೆ ಕಳಿಸಿದರು. ಇಡೀ ದಿನ ಕತ್ತರಿ ಹಿಡಿಯುವವನು ಆ ಪುಟ್ಟ ಕತ್ತರಿ ನೋಡಿಯೇ ಬೆವತುಹೋಗಿದ್ದ. ಕೆಲಸ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಒಂದೆರಡು ಹನಿ ರಕ್ತ, ಕಟ್ಟಡವೇ ಎದ್ದು ಕೂರುವಂಥ ಕಿರುಚಾಟ. “ಈಗಲೇ ಹಾಲಿಗೆ ಹಾಕಮ್ಮ,” ಎಂದು ಡಾಕ್ಟರಮ್ಮ ಪರದೆ ಎಳೆದು ಹೋದರು.

ಮೊದಲ ಸಲ ಮಗು ಎಂದಿನಂತೆ ಜಾರಿತು. ಎರಡನೆಯ ಸಲ ಹಿಡಿಯಿತು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು ಬರತೊಡಗಿತು. ಸೊಸೆ ಉಸಿರು ಬಿಡಲೂ ಹೆದರಿ ಕೂತಿದ್ದಳು. ಇಷ್ಟು ದಿನದ ನೋವು, ಸಿಟ್ಟು, ಅವಮಾನ ಎಲ್ಲ ಅವಳಿಂದ ಇಳಿದುಹೋಗುತ್ತಿತ್ತು.

ಅತ್ತೆ ಪರದೆ ಸರಿಸಿ ಒಳಗೆ ಬಂದರು. ಮಗುವಿನ ಕೆನ್ನೆ ಏರಿಳಿಯುವುದನ್ನು ನೋಡುತ್ತ ಮಂಚದ ಅಂಚಿಗೆ ಕೂತರು. ಇನ್ನೇನು, ಮಗುವಿನ ತಲೆ ಹೀಗೆ ಹಿಡಿ ಹಾಗೆ ಹಿಡಿ ಎನ್ನುತ್ತಾರೆ ಎಂದುಕೊಂಡಳು ಸೊಸೆ.

“ಅವನು ಹುಟ್ಟಿದಾಗ ನಾನು ಉಟ್ಟ ಬಟ್ಟೆಯೆಲ್ಲ ತೊಯ್ದುಹೋಗ್ತಿತ್ತು ಕಣೇ,” ಎಂದರು ಅತ್ತೆ. “ಯಾರಿಗೂ ಕಾಣದ ಹಾಗೆ ಒಗೆದು ಒಣಗಿಸ್ತಿದ್ದೆ. ಒಂದಿನ ಕಣ್ಣಿಗೆ ಬಿತ್ತು, ಬೆವರು ಅಂದ್ರು ನಮ್ಮತ್ತೆ. ನಾನೂ ಹೂಂ ಅಂದೆ. ಹೇಳೋಣ ಅಂದ್ರೆ ಈಗ ಅವರೂ ಇಲ್ಲ, ನಮ್ಮನೆಯವರೂ ಇಲ್ಲ.” ಅವರ ದನಿಯಲ್ಲಿ ದುಃಖಕ್ಕಿಂತ ಭಯವೇ ಹೆಚ್ಚಾಗಿತ್ತು. ಸೊಸೆಯ ಮೊಣಕೈ ಹಿಡಿದುಕೊಂಡರು.

“ನನಗೆ ಹಾಲಿತ್ತು. ನೀನಾದ್ರೂ ನಂಬ್ತೀಯಾ?”